ಚಮಚ ಹಿಡಿದು ಬಂದವರು

ನಮ್ಮ ಮನೆಯ ಕರೆಗಂಟೆ ಕೆಟ್ಟು ಎಷ್ಟು ವರ್ಷವಾಯಿತೋ ನೆನಪಿಲ್ಲ. ಅದನ್ನು ರಿಪೇರಿ ಮಾಡಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬರುವವರೆಲ್ಲ ಕೈಯಲ್ಲಿ ಒಂದು ಚಮಚ ಹಿಡಿದೇ ಬರುತ್ತಿದ್ದರು, ಅದರಿಂದಲೇ ಬಾಗಿಲ ಚಿಲಕವನ್ನು ಟಣ್ ಟಣ್ ಎಂದು ಬಡಿಯುತ್ತಿದ್ದರು. ಹಲ್ಲುಜ್ಜುವಾಗ ಟಣ್ ಟಣ್. ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬೆನ್ನ ಹಿಂದೆ ಟಣ್ ಟಣ್. ಭಾನುವಾರ ಒಂದು ಗಳಿಗೆ ಕಣ್ಣು ಮುಚ್ಚೋಣವೆಂದರೆ ಸರಿಯಾಗಿ ಅದೇ ಹೊತ್ತಿಗೆ ಬೀದಿಯ ಅರ್ಧ ಮಕ್ಕಳಿಗೆ ಕೆಮ್ಮು ಶುರುವಾಗುತ್ತಿತ್ತು.

ಅವರಿಗೆ ಬೇಕಾಗಿದ್ದದ್ದು ಮಿಸ್ರಿ ಜೇನು, ಅಂದರೆ ಕುಟುಕದ ಜೇನು. ಹುಳ ನೋಡಲು ರೆಕ್ಕೆ ಬಂದ ಕರಿ ಇರುವೆಯಷ್ಟೇ ಇರುತ್ತದೆ. ಕೋಪ ಬಂದರೆ ತಲೆಗೂದಲೊಳಗೆ ನುಗ್ಗಿ ಕಿರಿಕಿರಿ ಮಾಡುತ್ತದೆ, ಅದರ ಪೌರುಷ ಅಷ್ಟೇ. ಮಾವನವರ ಹಳೆಯ ರೇಡಿಯೋ ಹಿಂದಿನ ಬಾಲ್ಕನಿಯಲ್ಲಿ ಗೋಡೆಗೆ ಹೊಡೆದ ಹಲಗೆಯ ಮೇಲೆ ಕೂತಿತ್ತು. ಒಳಗಿನ ಸಾಮಾನೆಲ್ಲ ಯಾರೋ ಬಿಚ್ಚಿಕೊಂಡು ಹೋಗಿ ಮರದ ಪೆಟ್ಟಿಗೆಯಷ್ಟೇ ಉಳಿದಿತ್ತು. ಮಾವ ತೀರಿಕೊಂಡ ವರ್ಷ, ಅದರ ತಿರುಪು ಬಿದ್ದುಹೋದ ತೂತಿನಿಂದ ಈ ಹುಳಗಳು ಒಳಗೆ ಸೇರಿಕೊಂಡವು. ತೂತಿನ ಬಾಯಿಗೆ ಮೇಣದ ಸಣ್ಣ ಕೊಳವೆ ಕಟ್ಟಿಕೊಂಡು, ಒಳಗೆ ದ್ರಾಕ್ಷಿಯಂಥ ಮೇಣದ ಗುಳ್ಳೆಗಳನ್ನು ಗೊಂಚಲು ಗೊಂಚಲಾಗಿ ಮಾಡಿ ಜೇನು ತುಂಬಿಸಿದವು. "ಬದುಕಿರೋ ತನಕ ಈ ಪೆಟ್ಟಿಗೇಲಿ ಬರೀ ಕೆಟ್ಟ ಸುದ್ದಿ ಕೇಳಿಸಿದ್ರು, ಹೋದ ಮೇಲೆ ಸಿಹಿ ಕಳಿಸಿದಾರೆ ನೋಡು" ಎನ್ನುತ್ತಿದ್ದರು ನಮ್ಮತ್ತೆ.

ಸಿಹಿ ಎಂದರೆ ಪೂರ್ತಿ ಸಿಹಿಯೂ ಅಲ್ಲ. ನೀರಿನ ಹಾಗೆ ತೆಳ್ಳಗೆ, ಕಂದು ಬಣ್ಣ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಗಂಟಲಲ್ಲಿ ಒಂದಿಷ್ಟು ಒಗರು. ವರ್ಷಕ್ಕೆ ಒಂದು ಬಟ್ಟಲು ಸಿಕ್ಕರೆ ಅದೇ ಹೆಚ್ಚು. ಆ ಒಂದು ಬಟ್ಟಲು ಮಾಡಬೇಕಾದ ಕೆಲಸವೋ, ದೇವರಿಗೇ ಪ್ರೀತಿ. ಬಾಯಿಹುಣ್ಣಿಗೆ, ಗಂಟಲು ಕೆರೆತಕ್ಕೆ, ಸುಟ್ಟದ್ದಕ್ಕೆ, ಕೊಯ್ದದ್ದಕ್ಕೆ, ಬಾಣಂತಿಗೆ, ದನಿ ಒಡೆದ ಹಾಡುಗಾರನಿಗೆ. ಕಣ್ಣಿಗೆ ಬಿಟ್ಟುಕೊಳ್ಳುತ್ತೇವೆ ಎನ್ನುವವರೂ ಇದ್ದರು. ಅವರನ್ನು ಅತ್ತೆ ಚೆನ್ನಾಗಿ ಬೈದು, ಆಮೇಲೆ ಕೊಡುತ್ತಿದ್ದರು. ಗೂಡಿನ ಕರಿ ಮೇಣವೂ ದಂಡವಾಗುತ್ತಿರಲಿಲ್ಲ. ಬ್ಯಾಂಡಿನವನು ಡೋಲಿನ ಚರ್ಮಕ್ಕೆ ಮೆತ್ತಲು ಒಯ್ಯುತ್ತಿದ್ದ, ಚಪ್ಪಲಿ ಹೊಲಿಯುವವನು ದಾರಕ್ಕೆ, ಹೆಂಗಸರು ಒಡೆದ ಹಿಮ್ಮಡಿಗೆ.

ಅತ್ತೆಯದು ಒಂದೇ ಕಾನೂನು. ಚಮಚ ಅವರದು, ಜೇನು ನಮ್ಮದು. ಚಮಚ ಹಿಡಿದು ಬಂದವರನ್ನು ಬರಿ ಚಮಚದಲ್ಲಿ ಕಳಿಸಬಾರದು. ಆರು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು. ಮಗನ ಬಗ್ಗೆ ಏನೂ ಹೇಳಲಿಲ್ಲ, ಮಗಳ ಬಗ್ಗೆಯೂ ಹೇಳಲಿಲ್ಲ. "ಯಾರಿಗೂ ಇಲ್ಲ ಅನ್ಬೇಡ ಕಣೇ" ಎಂದರು. ನಾನು ಹೂಂ ಅಂದೆ. ಸಾಯುವವರ ಮುಂದೆ ಹೂಂ ಅನ್ನುವುದು ಬಹಳ ಸುಲಭ.

ನಾನು ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೋಟೆಲುಗಳ ಹಾಸುಬಟ್ಟೆ, ಮೇಜಿನ ಬಟ್ಟೆ, ದಿಂಬಿನ ಚೀಲ. ಎಂಟು ಗಂಟೆ ನಿಂತೇ ಕೆಲಸ. ಹಬೆ ಮುಖಕ್ಕೆ ಹೊಡೆದು ಹೊಡೆದು ನನ್ನ ಹುಬ್ಬು ತೆಳ್ಳಗಾಗಿದೆ. ಗಂಡ ಸಿಟಿ ಬಸ್ಸಿನ ಡ್ರೈವರ್. ಕೂತು ಕೂತು ಅವರಿಗೆ ಬೆನ್ನು ನೋವು, ನಿಂತು ನಿಂತು ನನಗೆ ಕಾಲು ನೋವು. ಇಬ್ಬರಲ್ಲಿ ಸರಿಯಿರುವ ಭಾಗ ಸೇರಿಸಿದರೆ ಒಬ್ಬ ಆರೋಗ್ಯವಂತ ಆಗುತ್ತಾನೆ. ಇಂಥ ಮನೆಗೆ ಇಡೀ ಬೀದಿ ಔಷಧಿಗೆ ಬರುತ್ತಿತ್ತು.

ತಪ್ಪು ನಡೆದದ್ದು ಎರಡು ವರ್ಷದ ಹಿಂದೆ. ಜೇನು ತೆಗೆಯುವುದಕ್ಕೊಂದು ಕ್ರಮವಿದೆ. ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ, ಒಂದು ಪಕ್ಕದ ಗುಳ್ಳೆಗಳನ್ನು ಮಾತ್ರ ಚುಚ್ಚಿ ಜೇನು ಇಳಿಸಿಕೊಳ್ಳಬೇಕು. ಮತ್ತೆ ಹಲಗೆ ಕೂರಿಸಿ, ಸುತ್ತಲಿನ ಸಂದಿಯನ್ನು ಆ ಹುಳಗಳದೇ ಮೇಣದಿಂದ ಮೆತ್ತಬೇಕು. ಆ ಮೇಣವಿದ್ದರೆ ಇರುವೆ ಹತ್ತಿರ ಸುಳಿಯುವುದಿಲ್ಲ. ಅದಕ್ಕೆಂದೇ ಒಂದು ಉಂಡೆ ಮೇಣ ಡಬ್ಬಿಯಲ್ಲಿ ಸದಾ ಇರುತ್ತಿತ್ತು. ಹಿಂದಿನ ವಾರವಷ್ಟೇ ಎದುರುಮನೆಯ ಟೈಲರಮ್ಮ ಬಂದಿದ್ದಳು. ಬರಿಗಾಲಲ್ಲಿ ಮೆಷಿನ್ ತುಳಿದು ತುಳಿದು ಅವಳ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. "ಅಕ್ಕಾ, ಒಂಚೂರು ಮೇಣ ಇದ್ರೆ ಕೊಡಿ" ಎಂದಳು. ಒಂಚೂರು ಮುರಿದುಕೊಡುವ ತ್ರಾಣವೂ ನನಗಿರಲಿಲ್ಲ, ಉಂಡೆಯನ್ನೇ ಕೊಟ್ಟು ಬಾಗಿಲು ಹಾಕಿಕೊಂಡೆ.

ಹಲಗೆ ಕೂರಿಸಿ ಡಬ್ಬಿಗೆ ಕೈ ಹಾಕಿದಾಗಲೇ ನನಗೆ ಅದು ನೆನಪಾದದ್ದು. ಅಡುಗೆಮನೆಯಲ್ಲಿ ಗೋಧಿಹಿಟ್ಟು ಕಲಸಿಟ್ಟಿದ್ದೆ. ಅದರಲ್ಲೊಂದು ಹಿಡಿ ಕಿತ್ತು ತಂದು ಸಂದಿಗೆ ಮೆತ್ತಿದೆ. ನಾಳೆ ಸರಿ ಮಾಡಿದರಾಯಿತು ಎಂದುಕೊಂಡೆ. ನಾಳೆ ಲಾಂಡ್ರಿಯಲ್ಲಿ ಎರಡು ಪಾಳಿ ಬಂತು, ನಾಡಿದ್ದು ಗಂಡನಿಗೆ ಜ್ವರ ಬಂತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ನೆಲದಿಂದ ಗೋಡೆ ಹತ್ತಿ, ಹಿಟ್ಟನ್ನು ಕೊರೆದು, ಕೆಂಪಿರುವೆಯ ಸಾಲು ಪೆಟ್ಟಿಗೆಯೊಳಗೆ ಹೋಗುತ್ತಿತ್ತು. ಹಲಗೆ ಬಿಚ್ಚಿದೆ. ಮರಿಗಳನ್ನೂ ಬಿಟ್ಟಿರಲಿಲ್ಲ. ಅತ್ತೆ ನಲವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಸೊಸೆ ಒಂದು ಹಿಡಿ ಹಿಟ್ಟಿನಲ್ಲಿ ಮುಗಿಸಿದ್ದಳು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಹಲಗೆ ಮುಚ್ಚಿ ಕೆಲಸಕ್ಕೆ ಹೋದೆ.

ಆ ಸಲ ತೆಗೆದ ಬಟ್ಟಲು ಮೂರು ತಿಂಗಳು ಬಂತು. ಬಳಿದು ಬಳಿದು ಮುಗಿಸಿ, ಬಟ್ಟಲು ತೊಳೆದು ಬೋರಲು ಹಾಕಿದ ಮರುದಿನವೇ ಟಣ್ ಟಣ್. ಪೇಪರ್ ಅಂಗಡಿಯ ಅಜ್ಜ. ಬಾಯಿ ತುಂಬ ಹುಣ್ಣು, ಮಾತಾಡಲಾರದೆ ಚಮಚ ಮುಂದೆ ಚಾಚಿದರು.

ಇಲ್ಲ ಅನ್ನಬೇಕಿತ್ತು. ಇಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಹಿಟ್ಟಿನ ಕತೆ ಹೇಳಬೇಕು. ಹೇಳಿದರೆ ಬೀದಿಗೆ ಬೀದಿಯೇ ಬಾಲ್ಕನಿಗೆ ಬಂದು ನಿಂತು ಅಯ್ಯೋ ಅನ್ನುತ್ತದೆ. ಅಷ್ಟೆಲ್ಲ ಮಾಡಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಸುಳ್ಳು ಹೇಳುವವರೆಲ್ಲ ಧೂರ್ತರೇ ಆಗಿರಬೇಕಿಲ್ಲ, ಕೆಲವರು ಬರೀ ಸುಸ್ತಾದವರು. ಒಳಗೆ ಬೆಲ್ಲ ಕರಗಿಸಿಟ್ಟಿದ್ದೆ. ಅದಕ್ಕೆ ನಿಂಬೆಹಣ್ಣು ಹಿಂಡಿ, ಒಂದು ಲವಂಗ ಜಜ್ಜಿ ಹಾಕಿ, ಸೋಸಿ, ಅಜ್ಜನ ಚಮಚ ತುಂಬಿಸಿದೆ. ಮೂರನೇ ದಿನ ಅಜ್ಜ ಬಂದು, "ಅತ್ತೆ ಕೈಗುಣ ನಿಂಗೂ ಬಂದಿದೆ ತಾಯೀ" ಎಂದರು.

ನೆಗಡಿಗೆ ಔಷಧಿ ಕೊಟ್ಟರೆ ಏಳು ದಿನ, ಕೊಡದಿದ್ದರೆ ಒಂದು ವಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನನ್ನ ಬೆಲ್ಲದ ನೀರು ಎಲ್ಲರನ್ನೂ ಗುಣ ಮಾಡಿತು. ಮೊದಲು ವರ್ಷಕ್ಕೊಂದು ಬಟ್ಟಲು ಇದ್ದದ್ದು ಈಗ ತಿಂಗಳಿಗೊಂದು ಬಾಟಲಿ ಆದರೂ ಯಾರೂ ಅನುಮಾನಪಡಲಿಲ್ಲ. ಹುಳಗಳಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಎಂದರು. ಗಂಡ ದಿನವೂ ಸತ್ತ ಗೂಡಿನ ಕೆಳಗೇ ಟವೆಲ್ ಒಣಹಾಕುತ್ತಿದ್ದರು. ಎರಡು ವರ್ಷವಾದರೂ ಅಲ್ಲಿ ಒಂದು ಹುಳವೂ ಇಲ್ಲವೆಂಬುದು ಅವರ ಕಣ್ಣಿಗೆ ಬೀಳಲಿಲ್ಲ. ನನ್ನ ಮುಖ ನೋಡಿಯೇ ಎಷ್ಟು ದಿನವಾಗಿತ್ತೋ, ಇನ್ನು ಹುಳವನ್ನೆಲ್ಲಿ ನೋಡುತ್ತಾರೆ?

ಗಂಡನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತೇವೆ. ಪುಟ್ಟಿಗೆ ಐವತ್ತೆರಡು ವರ್ಷ, ಬೇರೆ ಊರಿನ ಶಾಲೆಯಲ್ಲಿ ಡ್ರಿಲ್ ಟೀಚರ್. "ನನ್ನ ಸೀಟಿಗೆ ಸರಿಯಾಗಿ ಹೆಜ್ಜೆ ಹಾಕೋ ಗಂಡು ಸಿಗಲಿಲ್ಲ" ಎಂದು ಮದುವೆಯ ಮಾತನ್ನು ಯಾವತ್ತೋ ಮುಗಿಸಿದವಳು. ಐದು ವರ್ಷದಿಂದ ಸಕ್ಕರೆ ಕಾಯಿಲೆ. ಐದು ತಿಂಗಳ ಹಿಂದೆ ಫೋನ್ ಮಾಡಿ, "ಅತ್ತಿಗೆ, ಹೊಸ ಶೂ ಕಚ್ಚಿ ಕಾಲಿಗೆ ಗಾಯ ಆಗಿದೆ. ಅಮ್ಮನ ಜೇನು ಎರಡು ಬಾಟ್ಲಿ ಕಳಿಸಿ" ಎಂದಳು.

"ಡಾಕ್ಟರಿಗೆ ತೋರ್ಸು ಪುಟ್ಟಿ."

"ಅಮ್ಮನ ಜೇನಿರುವಾಗ ಡಾಕ್ಟ್ರು ಯಾಕೆ? ಚಿಕ್ಕೋಳಿದ್ದಾಗ ಗಾಜು ತುಳಿದು ಪಾದ ಎರಡು ಭಾಗ ಆಗಿತ್ತು. ಅಮ್ಮ ಹತ್ತೇ ದಿನಕ್ಕೆ ಕೂಡಿಸಿದ್ಲು."

ಆಗ ಬಾಯಿ ಬಿಡಬಹುದಿತ್ತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಇಂದು ಹೇಳಿದರೆ ಎರಡು ವರ್ಷದ್ದನ್ನೆಲ್ಲ ಹೇಳಬೇಕು, ಎಂಟು ಗಂಟೆಗೆ ನನ್ನ ಪಾಳಿ. ಸಣ್ಣ ಗಾಯ, ಅದಾಗಿ ಅದೇ ಮಾಯುತ್ತದೆ ಎಂದುಕೊಂಡೆ. ಸಕ್ಕರೆ ಕಾಯಿಲೆಯವಳ ಕಾಲಿಗೆ ನಾನು ಬೆಲ್ಲದ ಪಾಕ ಕಾಯಿಸಿ, ಬಾಟಲಿಗೆ ತುಂಬಿ, ಗಂಡನ ಕೈಯಲ್ಲಿ ಬಸ್ಸಿಗೆ ಹಾಕಿಸಿದೆ. ಒಂದಲ್ಲ, ನಾಲ್ಕು ತಿಂಗಳಲ್ಲಿ ಏಳು ಬಾಟಲಿ.

ಕಳೆದ ತಿಂಗಳು ಪುಟ್ಟಿ ತಾನೇ ಬಂದಳು. ಆಟೋದಿಂದ ಇಳಿಯುವಾಗ ಅಣ್ಣನ ಹೆಗಲು ಹಿಡಿದಿದ್ದಳು. ಇಡೀ ಶಾಲೆಯನ್ನು ಎಡ ಬಲ ಎಂದು ನಡೆಸಿದವಳು ಮೂರು ಮೆಟ್ಟಿಲು ಹತ್ತಲು ಐದು ನಿಮಿಷ ತೆಗೆದುಕೊಂಡಳು. "ಶಾಲೆಗೆ ರಜ ಹಾಕಿದೀನಿ. ಇಲ್ಲಾದ್ರೆ ತಾಜಾ ಜೇನು ಸಿಗುತ್ತೆ, ಬೇಗ ವಾಸಿಯಾಗುತ್ತೆ" ಎಂದಳು. ಬ್ಯಾಂಡೇಜ್ ಬಿಚ್ಚಿದಾಗ ಬಂದ ವಾಸನೆಗೆ ಗಂಡ ಎದ್ದು ಹೊರಗೆ ಹೋದರು. ಹೆಬ್ಬೆರಳಿನ ಪಕ್ಕದ ಎರಡು ಬೆರಳು ಕಪ್ಪಗಾಗಿದ್ದವು.

"ನೋವಿಲ್ವಾ?" ಎಂದೆ.

"ಸ್ವಲ್ಪಾನೂ ಇಲ್ಲ ಅತ್ತಿಗೆ. ಅದೇ ಅಲ್ವಾ ಅಮ್ಮನ ಜೇನಿನ ಮಹಿಮೆ!"

ಆಸ್ಪತ್ರೆಗೆ ಹೋಗೋಣ ಎಂದು ನಾನೂ ಹೇಳಿದೆ, ಅವಳ ಅಣ್ಣನೂ ಹೇಳಿದರು. ನಮ್ಮಿಬ್ಬರಿಗೂ ಡ್ರಿಲ್ ಟೀಚರ್ ದನಿಯಲ್ಲೇ ಉತ್ತರ ಬಂತು: "ಆಸ್ಪತ್ರೆಗೆ ಹೋದ್ರೆ ಕೊಯ್ಯೋದು ಬಿಟ್ಟು ಅವ್ರಿಗೆ ಬೇರೆ ಗೊತ್ತಿಲ್ಲ. ಹದಿನೈದು ದಿನ ಕೊಡಿ." ಹಾಲ್‌ನಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿ ಮಲಗಿಸಿದೆವು.

ಮರುದಿನ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಅವಳು ದಿಂಬಿಗೊರಗಿ ಪೇಪರ್ ಓದುತ್ತಿದ್ದಳು. ಕಿಟಕಿಯಿಂದ ಇಳಿದು, ಮಂಚದ ಕಾಲು ಹತ್ತಿ, ಹಾಸಿಗೆಯ ಅಂಚಿನಲ್ಲೇ ನಡೆದು, ಒಂದು ಕೆಂಪಿರುವೆಯ ಸಾಲು ಅವಳ ಬ್ಯಾಂಡೇಜಿನೊಳಗೆ ಹೋಗುತ್ತಿತ್ತು. ಕೆಲವು ವಾಪಸು ಬರುತ್ತಿದ್ದವು. ಅವಳು ಹಾಳೆ ತಿರುಗಿಸಿ, "ಚಹಾಕ್ಕೆ ಸಕ್ಕರೆ ಹಾಕಿಲ್ಲ ತಾನೇ?" ಎಂದಳು. ಕೆಂಪಿರುವೆ ಕಚ್ಚುತ್ತಿರುವುದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಲೋಟ ಕೆಳಗಿಟ್ಟೆನೋ ಬಿದ್ದಿತೋ ಗೊತ್ತಿಲ್ಲ. ನೀರು ತಂದೆ, ಬ್ಯಾಂಡೇಜ್ ಬಿಚ್ಚಿದೆ, ಇರುವೆ ತೊಳೆದೆ. ತೊಳೆಯುತ್ತಲೇ ಹೇಳಿದೆ. "ಪುಟ್ಟಿ, ಇದು ಜೇನಲ್ಲ. ಜೇನು ಸತ್ತು ಎರಡು ವರ್ಷ ಆಯ್ತು. ನಿಂಗೆ ಕಳಿಸಿದ್ದು ಬೆಲ್ಲ, ನಿಂಬೆಹುಳಿ. ನಾನೇ ಮಾಡಿದ್ದು."

ಅವಳು ನಕ್ಕಳು. "ಅಣ್ಣ ಹೇಳಿಕೊಟ್ನಾ? ನನ್ನ ಆಸ್ಪತ್ರೆಗೆ ಕಳಿಸೋಕೆ ಏನೇನು ನಾಟಕ!"

"ಅಮ್ಮನಾಣೆ ಪುಟ್ಟಿ."

"ನಾನು ಆ ಜೇನು ತಿಂದು ಬೆಳೆದೋಳು ಅತ್ತಿಗೆ. ನನ್ನ ನಾಲಗೆಗೆ ಗೊತ್ತಾಗಲ್ವಾ? ಅಮ್ಮನ ಕಾಲದ್ದಕ್ಕಿಂತ ಈಗಿಂದೇ ರುಚಿ."

ಎರಡು ವರ್ಷ ಸುಳ್ಳು ಹೇಳಿದಾಗ ಒಬ್ಬರೂ ಅಲ್ಲ ಎನ್ನಲಿಲ್ಲ. ನಿಜ ಹೇಳಿದ ದಿನ ಸಾಕ್ಷಿ ಬೇಕಾಯಿತು. ಸರಿ, ಕುರ್ಚಿಯಲ್ಲಿ ಕೂರಿಸಿ ಕುರ್ಚಿಯನ್ನೇ ಎಳೆದುಕೊಂಡು ಅಡುಗೆಮನೆಗೆ ಒಯ್ದೆ. ಅವಳ ಕಣ್ಣೆದುರೇ ಬೆಲ್ಲ ಕರಗಿಸಿದೆ. ನಿಂಬೆಹಣ್ಣು ಹಿಂಡಿದೆ. ಲವಂಗ ಜಜ್ಜಿದೆ. ಸೋಸಿ, ಆರಿಸಿ, ಚಮಚದಲ್ಲಿ ಬಾಯಿಗೆ ಹಿಡಿದೆ.

ಅವಳು ಚಪ್ಪರಿಸಿದಳು. ಮತ್ತೊಂದು ಸಲ ಚಮಚ ಅದ್ದಿ ಚಪ್ಪರಿಸಿದಳು. ಚಮಚ ಕೆಳಗಿಟ್ಟಳು. "ಪೆಟ್ಟಿಗೆ ತೋರ್ಸಿ" ಎಂದಳು.

ಬಾಲ್ಕನಿಗೆ ಒಯ್ದು ಪೆಟ್ಟಿಗೆಯನ್ನು ಅವಳ ತೊಡೆಯ ಮೇಲಿಟ್ಟೆ. ಅವಳು ಮೊದಲು ಕಿವಿಯಿಟ್ಟು ಕೇಳಿದಳು, ಚಿಕ್ಕಂದಿನಲ್ಲಿ ಹಾಗೆ ಕೇಳುತ್ತಿದ್ದಳಂತೆ. ಹಲಗೆ ಬಿಚ್ಚಿದಾಗ ಒಣಗಿದ ಕರಿ ಗುಳ್ಳೆಗಳು ಪುಡಿಪುಡಿಯಾಗಿ ಅವಳ ಮಡಿಲಿಗೆ ಉದುರಿದವು. ಸಂದಿಯಲ್ಲಿ ಕಲ್ಲಿನಂತಾದ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿ, ನನ್ನ ಕಡೆ ನೋಡದೆ, "ಆಟೋ ತರಿಸಿ" ಎಂದಳು.

ಆಸ್ಪತ್ರೆಯಲ್ಲಿ ಅದೇ ವಾರ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಡ್ರೆಸ್ಸಿಂಗ್ ಮಾಡುವ ನರ್ಸನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ, "ನಿಜವಾದ ಜೇನು ಹಚ್ಚಿದ್ರೆ ಬೆರಳು ಉಳೀತಿತ್ತಾ ಸಿಸ್ಟರ್?" ಅವಳೂ ನನ್ನ ಹಾಗೇ ಬೆಳಿಗ್ಗೆಯಿಂದ ನಿಂತವಳು. ಗೋಡೆಗೆ ಒರಗಿ, "ಜೇನಿನ ವಿಷಯ ನಂಗೊತ್ತಿಲ್ಲಮ್ಮ. ಮೂರು ತಿಂಗಳು ಮೊದಲು ಬಂದಿದ್ರೆ ಉಳೀತಿತ್ತು" ಎಂದಳು. ನನಗೆ ಬೇಕಾದ ಉತ್ತರ ಅದಾಗಿರಲಿಲ್ಲ, ಆದರೆ ನಿಜವಾದ ಉತ್ತರ ಅದೇ ಆಗಿತ್ತು.

ಮನೆಗೆ ಕರೆದುಕೊಂಡು ಬಂದೆವು. ಹೋಗುವುದಕ್ಕೆ ಅವಳಿಗಾದರೂ ಬೇರೆ ಎಲ್ಲಿತ್ತು? ನಾನು ದಿನವೂ ಕೆಲಸಕ್ಕೆ ಹೋಗುವ ಮೊದಲು ಗಾಯ ತೊಳೆದು ಕಟ್ಟುತ್ತಿದ್ದೆ, ಬಂದ ಮೇಲೆ ಊಟ ಕೊಡುತ್ತಿದ್ದೆ. ಅವಳು ನೀರು, ಮಾತ್ರೆ, ಸಾಕು, ಬೇಡ, ಇಷ್ಟರಲ್ಲೇ ದಿನ ಕಳೆಯುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಇಪ್ಪತ್ತು ದಿನ ಅವಳ ಬಾಯಲ್ಲಿ ಅತ್ತಿಗೆ ಎಂಬ ಮಾತು ಬರಲಿಲ್ಲ. ಗಂಡ ನಮ್ಮಿಬ್ಬರ ನಡುವೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಾಡುತ್ತಿದ್ದರು.

ಮೊನ್ನೆ ಸಂಜೆ ಕೆಲಸದಿಂದ ಬಂದು ಇನ್ನೂ ಕಾಲು ತೊಳೆದಿರಲಿಲ್ಲ. ಟಣ್ ಟಣ್. ಟೈಲರಮ್ಮ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಚಮಚ.

"ಅಕ್ಕಾ, ಮೊಮ್ಮಗೂಗೆ ಬೆಳಿಗ್ಗೆಯಿಂದ ಕೆಮ್ಮು, ಹಾಲೂ ಕುಡೀತಿಲ್ಲ. ಬೇಗ ಒಂದು ಚಮಚ ಕೊಡಿ."

ಮೊಮ್ಮಗುವಿಗೆ ಮೂರು ತಿಂಗಳು. ನನ್ನ ಹಿಂದೆ ಹಾಲ್‌ನಲ್ಲಿ ಪೇಪರಿನ ಸದ್ದು ನಿಂತಿತು.

"ಇಲ್ಲ" ಎಂದೆ.

"ಮುಗಿದಿದ್ಯಾ? ನಾಳೆ ಬರ್ಲಾ?"

"ನಾಳೇನೂ ಇಲ್ಲ. ಹುಳ ಸತ್ತು ಎರಡು ವರ್ಷ ಆಯ್ತು. ಅವತ್ತಿಂದ ನಿಮಗೆಲ್ಲ ಕೊಟ್ಟಿದ್ದು ಬೆಲ್ಲದ ನೀರು. ಮಗೂಗೆ ಏನೂ ನೆಕ್ಕಿಸ್ಬೇಡ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೊಡೋ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ ಅಕ್ಕಾ, ಕತೆ ಕಟ್ಬೇಡಿ. ನಮ್ಮನೆಯವ್ರ ಕೆಮ್ಮು ಬೆಲ್ಲದ ನೀರಿಗೆ ಹೋಯ್ತಾ? ಅಮ್ಮ ಇದ್ದಿದ್ರೆ ಮಗು ಅಂದ ತಕ್ಷಣ ಬಟ್ಟಲು ಹಿಡಿದು ಓಡಿ ಬರ್ತಿದ್ರು. ಅವ್ರ ಜೊತೆಗೇ ಹೋಯ್ತು ಈ ಮನೆ ಪುಣ್ಯ."

ಮೇಣದ ಉಂಡೆಯ ಮಾತು ನನ್ನ ಬಾಯಿತನಕ ಬಂತು. ನುಂಗಿಕೊಂಡೆ. ಕೊಟ್ಟದ್ದು ನಾನು, ಅವಳ ಹಿಮ್ಮಡಿಯ ತಪ್ಪೇನಿದೆ? "ಆಸ್ಪತ್ರೆಗೆ ಹೋಗು, ಹೊತ್ತು ಮಾಡ್ಬೇಡ" ಎಂದಷ್ಟೇ ಮತ್ತೆ ಹೇಳಿದೆ. ಅವಳು ಬೀದಿಗೆಲ್ಲ ಕೇಳುವಂತೆ ನನ್ನನ್ನು ಬೈಯುತ್ತಲೇ ಆಟೋ ಕೂಗಿದಳು. ಸೊಸೆ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಆಟೋ ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

ಒಳಗೆ ತಿರುಗಿದೆ. ಪುಟ್ಟಿ ಪೇಪರ್ ಮಡಚಿ ಪಕ್ಕಕ್ಕಿಟ್ಟಿದ್ದಳು.

"ಅತ್ತಿಗೆ" ಎಂದಳು.

ನಾನು ನಿಂತಲ್ಲೇ ನಿಂತೆ.

"ಇಷ್ಟೇನಾ? ಇಷ್ಟು ಹೇಳೋದಕ್ಕೆ ನನ್ನ ಎರಡು ಬೆರಳು ಹೋಗ್ಬೇಕಾಯ್ತಾ?"

ಸುತ್ತಿ ಬಳಸಿ ಹೇಳಲು ಏನೂ ಇರಲಿಲ್ಲ. ಅವಳ ಅಮ್ಮನಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. "ಹೂಂ" ಎಂದೆ.

ಅವಳ ಕಣ್ಣು ತುಂಬಿತ್ತು. ಕೋಪವೋ ದುಃಖವೋ ನನಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಸ್ವಲ್ಪ ಹೊತ್ತು ನನ್ನ ಊದಿದ ಕಾಲುಗಳನ್ನೇ ನೋಡಿದಳು. ಆಮೇಲೆ ಬ್ಯಾಂಡೇಜ್ ಕಟ್ಟಿದ ಪಾದವನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸಿ, ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಬೆಳಿಗ್ಗೆ ಎಂಟರಿಂದ ನಿಂತೇ ಇದ್ದೆ. ಹೋಗಿ ಕೂತೆ.